ಊದದ ತೋಳು, ಮಾಯದ ಗಾಯ

ಕ್ಷಯವೆಂದರೆ ನಮಗೆ ಕೆಮ್ಮು ಮಾತ್ರ ನೆನಪಾಗುತ್ತದೆ. ಆದರೆ ಅದೇ ರೋಗಾಣು ಚರ್ಮಕ್ಕೂ ತಗಲುತ್ತದೆ. ಕುತ್ತಿಗೆಯ ಗಂಟು ಒಡೆದು ಕೀವು ಸೋರಬಹುದು, ಮುಖದಲ್ಲಿ ಕೆಂಪು ಕಲೆ ನಿಧಾನವಾಗಿ ಹರಡಬಹುದು. ಇದನ್ನು ದುಪಟ್ಟಾದ ಮರೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟು, ಮೆಡಿಕಲ್ ಅಂಗಡಿಯ ಮುಲಾಮು ಹಚ್ಚುವವರಿದ್ದಾರೆ.

ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರು, ಎಚ್‌ಐವಿ ಸೋಂಕಿತರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸುವವರು ಹೆಚ್ಚು ಎಚ್ಚರದಿಂದಿರಬೇಕು. ಇವರಲ್ಲಿ ರೋಗನಿರೋಧಕ ಶಕ್ತಿ ಕುಂದಿರುವುದರಿಂದ ಕ್ಷಯದ ಗಾಯವು ಮಾಮೂಲಿ ಹುಣ್ಣಿನಂತೆಯೇ ಕಾಣಬಹುದು.

ತೋಳಿಗೆ ಚುಚ್ಚಿ, 48ರಿಂದ 72 ಗಂಟೆಗಳ ಬಳಿಕ ಊತ ನೋಡುವ ಮಾಂಟೂ ಪರೀಕ್ಷೆಯಿದೆ. ಆ ಊತವನ್ನು ಉಂಟುಮಾಡುವುದು ನಮ್ಮ ನಿರೋಧಕ ಶಕ್ತಿಯೇ. ಅದು ಕುಂದಿದ್ದರೆ ರೋಗವಿದ್ದರೂ ತೋಳು ಊದದಿರಬಹುದು. ಆದ್ದರಿಂದ 'ನೆಗೆಟಿವ್' ಎಂಬ ಒಂದು ಚೀಟಿಯನ್ನು ನಂಬಿ ಸುಮ್ಮನಿರಬಾರದು.

ಗಾಯದ ಚರ್ಮದಿಂದ ಸಣ್ಣ ತುಣುಕು ತೆಗೆಯುವ ಬಯಾಪ್ಸಿ ಬೇಕಾಗುತ್ತದೆ. ಜಾಗವನ್ನು ಮರಗಟ್ಟಿಸಿ ತೆಗೆಯುವುದರಿಂದ ಹೆದರಬೇಕಿಲ್ಲ. ತುಣುಕಿನ ಒಂದು ಭಾಗ ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗುತ್ತದೆ. ಇನ್ನೊಂದು ಭಾಗ ಕಲ್ಚರ್‌ಗೆ. ಅದಕ್ಕೆ ಫಾರ್ಮಲಿನ್ ಸೋಕಬಾರದು, ಸೋಕಿದರೆ ರೋಗಾಣು ಸತ್ತು ಬೆಳೆಯದು. "ಕಲ್ಚರ್‌ಗೂ ಕಳಿಸುತ್ತೀರಾ ಡಾಕ್ಟರ್?" ಎಂದು ಕೇಳಲು ಸಂಕೋಚ ಬೇಡ. ಈ ವರದಿಗೆ 6ರಿಂದ 8 ವಾರ ಹಿಡಿಯಬಹುದು. ಸಹನೆಯಿರಲಿ.

ಕ್ಷಯವೆಂದು ಖಚಿತವಾದರೆ ಸಾಮಾನ್ಯವಾಗಿ 6 ತಿಂಗಳ ಔಷಧಿ. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಡುವೆ ನಿಲ್ಲಿಸಬಾರದು.

ಸಹೋದರಿಯರೇ, ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಲಜ್ಜೆ ಈಮಾನಿನ ಭಾಗವೇ ಸರಿ. ಆದರೆ ರೋಗವನ್ನು ಬಚ್ಚಿಡುವುದು ಲಜ್ಜೆಯಲ್ಲ. ಬೇಕಿದ್ದರೆ ಮಹಿಳಾ ವೈದ್ಯರನ್ನೇ ಕಾಣಿರಿ, ಆದರೆ ತಡಮಾಡದೆ ಕಾಣಿರಿ.