ಡಿಯ ಆಚೆಯ ಬೀಳು

ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಒಂದು ಕಡೆ ಕಾಲುಚಾಚಲು ತಾವಿಲ್ಲದಿರುವಾಗ ಇನ್ನೊಂದು ಕಡೆ ಕೋಣೆಗಳು ಬೀಗ ಹಾಕಿಕೊಂಡು ಬಣಗುಡುತ್ತಿರುವುದನ್ನು ವಾಚಕರು ಕಂಡಿರಬಹುದು. ಅಂಥ ಮನೆಯೊಂದು ನನ್ನ ಮೇಜಿನ ಮೇಲೆಯೇ ಇದೆಯೆಂಬುದು ತಿಳಿದದ್ದು, ವಿದ್ಯಾರ್ಥಿಗಳ ಅಂಕಪಟ್ಟಿಯನ್ನು ಉಳಿಸಲು ಹೊರಟ ರಾತ್ರಿ ಕಂಪ್ಯೂಟರು 'ಸ್ಥಳವಿಲ್ಲ'ವೆಂದು ಕೈಚೆಲ್ಲಿದಾಗ.

ಅದರ ಹಾರ್ಡ್ ಡಿಸ್ಕು ಒಂದು ಟೆರಾಬೈಟಿನದು. ತೆರೆದರೆ ಕಾಣುವುದು 931 ಗಿಗಾಬೈಟು. ಮಿಕ್ಕದ್ದನ್ನು ಅಂಗಡಿಯವನು ನುಂಗಿದನೆಂದು ಬಹುಕಾಲ ನಂಬಿದ್ದೆ. ಪಾಪ, ಅವನ ತಪ್ಪಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಅಕ್ಕಿ ಅಷ್ಟೇ, ಸೇರು ಬೇರೆ.

ಈ 931ರಲ್ಲಿ 'ಸಿ' ಎಂಬ ಪಾಲಿಗೆ ಬಂದದ್ದು ನೂರು, ಉಳಿದುದೆಲ್ಲ 'ಡಿ'. ('ಎ', 'ಬಿ' ಎಲ್ಲಿ ಹೋದವೆಂದು ಮಗಳು ಕೇಳಿದಳು. ಅವು ಫ್ಲಾಪಿಗಳಿಗೆ ಮೀಸಲಾಗಿದ್ದ ಹೆಸರುಗಳು. ಫ್ಲಾಪಿಗಳು ಹೋದರೂ ಎಣಿಕೆ ಸಿಯಿಂದಲೇ ಆರಂಭವಾಗುವ ವಾಡಿಕೆ ಉಳಿದಿದೆ.) ಸಿ ಕಿಕ್ಕಿರಿದಿತ್ತು, ಡಿಯಲ್ಲಿ ಆರುನೂರು ಗಿಗಾಬೈಟು ಬರಿದಾಗಿತ್ತು.

ಡಿಸ್ಕ್ ಮ್ಯಾನೇಜ್‌ಮೆಂಟನ್ನು ತೆರೆದು ಡಿಯನ್ನು ಕುಗ್ಗಿಸಿ ಇನ್ನೂರು ಗಿಗಾಬೈಟನ್ನು ಬಿಡಿಸಿದೆ. ಆದರೂ ಸಿಯನ್ನು ಹಿಗ್ಗಿಸುವ ಆಜ್ಞೆ ಮಂಕಾಗಿಯೇ ಇತ್ತು. ಜಮೀನಿನ ಪತ್ರ ಓದಿದವರಿಗೆ ಕಾರಣ ಬೇಗ ಹೊಳೆದೀತು: ಚಕ್ಕುಬಂದಿ. ಸಿ ಬೆಳೆಯಬೇಕಾದರೆ ಬಿಡುವಾದ ಜಾಗ ಅದರ ಬಲಮಗ್ಗುಲಿಗೇ ಅಂಟಿರಬೇಕು. ಡಿಯನ್ನು ಕುಗ್ಗಿಸಿದಾಗ ಜಾಗ ತೆರವಾಗುವುದು ಡಿಯ ಆಚೆಯ ಅಂಚಿನಲ್ಲಿ. ಅಣ್ಣನ ಹೊಲಕ್ಕೂ ಬೀಳುಭೂಮಿಗೂ ನಡುವೆ ತಮ್ಮನ ಹೊಲ!

ಡಿಯನ್ನೇ ಅಳಿಸಿದರೆ ಈ ಅಡ್ಡಿ ನೀಗುವುದಷ್ಟೆ. ಆ ಆಜ್ಞೆ ಮಂಕಾಗಿರಲಿಲ್ಲ. ಬೆರಳಿಡುವಷ್ಟರಲ್ಲಿ ಹಾಲಿನ ಲೋಟ ಹಿಡಿದು ಬಂದ ನನ್ನಾಕೆ, "ಮಾವನವರು ಭಾರತ ಓದಿದ್ದು ಅದರಲ್ಲೇ ಇದೆಯಲ್ಲವೇನ್ರೀ?" ಎಂದಳು.

ತಂದೆಯವರು ತೀರಿಕೊಂಡು ಮೂರು ವರ್ಷ. ಕೊನೆಯ ಚಳಿಗಾಲದಲ್ಲಿ ಅವರು ಕುಮಾರವ್ಯಾಸನನ್ನು ಗಮಕದಲ್ಲಿ ಓದಿದ ಹನ್ನೆರಡು ಗಂಟೆಗಳ ಧ್ವನಿಮುದ್ರಣ, ಅವರ ಕೆಮ್ಮು ಸಹಿತ, ಡಿಯಲ್ಲಿತ್ತು. ಬೇರೆಲ್ಲಿಯೂ ಇರಲಿಲ್ಲ. ಹಾಲು ಆರಿಹೋಯಿತು.

'ಡಿಯಲ್ಲಿಟ್ಟಿದ್ದೇನೆ, ಭದ್ರವಾಗಿದೆ' ಎಂದು ನಾನು ಹೇಳಿಕೊಳ್ಳುತ್ತಿದ್ದುದುಂಟು. ಸಿಯಲ್ಲಿನ ವಿಂಡೋಸ್ ಕೆಟ್ಟು ಮತ್ತೆ ಹಾಕಿಸುವಾಗ ಆ ಮಾತು ನಿಜವೂ ಹೌದು. ಆದರೆ ಸಿ, ಡಿಗಳು ಎರಡು ಡಿಸ್ಕುಗಳಲ್ಲ. ಒಂದೇ ಡಿಸ್ಕಿನ ಮೇಲೆ ಎಳೆದ ಗೆರೆ. ಡಿಸ್ಕು ಸತ್ತರೆ ಎರಡೂ ಸಾಯುತ್ತವೆ.

ಮರುದಿನವೇ ಪ್ರತ್ಯೇಕ ಡಿಸ್ಕೊಂದನ್ನು ಕೊಂಡುತಂದು ಧ್ವನಿಮುದ್ರಣವನ್ನು ನಕಲಿಸಿ, ಅಲ್ಲಲ್ಲಿ ಹಾಕಿ ಕೇಳಿಯೂ ನೋಡಿದೆ. ಅನಂತರ ಸಿಯ ಕಡೆ ತಿರುಗಿದೆ. ಗೋಡೆ ಕೆಡವುವ ಅಗತ್ಯವೇ ಇರಲಿಲ್ಲ. ಸಾಮಾನು ಸಾಗಿಸಿದರೆ ಸಾಕಿತ್ತು. ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳ ಪ್ರಾಪರ್ಟೀಸ್‌ನಲ್ಲಿ 'ಲೊಕೇಶನ್' ಎಂಬ ಪುಟವಿದೆ. ಅಲ್ಲಿ ಡಿಯಲ್ಲೊಂದು ಹೊಸ ಫೋಲ್ಡರಿನ ವಿಳಾಸ ಕೊಟ್ಟು 'ಮೂವ್' ಎಂದರೆ ಒಳಗಿರುವುದೆಲ್ಲ ಸಾಗಿಹೋಗುತ್ತದೆ. ರೀಸೈಕಲ್ ಬಿನ್ನನ್ನೂ ಬರಿದುಮಾಡಿದೆ. ಅಳಿಸಿದ ಕಡತಗಳು ಅಲ್ಲಿರುವ ತನಕ ಜಾಗ ತೆರವಾಗುವುದಿಲ್ಲ. ಸಿ ಉಸಿರಾಡಿತು. ನಾನು ಬಿಡಿಸಿದ್ದ ಇನ್ನೂರು ಗಿಗಾಬೈಟು ಡಿಯ ಮಗ್ಗುಲಲ್ಲೇ ಇದ್ದುದರಿಂದ ಮರುಮಾತಿಲ್ಲದೆ ಡಿಗೇ ಸೇರಿಕೊಂಡಿತು.

ಹೊಸ ಡಿಸ್ಕನ್ನು ಅಕ್ಕನ ಮನೆಯಲ್ಲಿಟ್ಟು ಬಂದೆ. ಅಂದು ರಾತ್ರಿಯೇ ಅವಳು ಫೋನು ಮಾಡಿ, "ವಿರಾಟಪರ್ವದ ಮಧ್ಯೆ ಅಪ್ಪ ಕಾಫಿ ಕೇಳ್ತಾರೆ ಕಣೋ, ಕೇಳಿದೆಯಾ?" ಎಂದಳು.