ಗೊಬ್ಬರಕ್ಕೆ ಮುನ್ನ ಕತ್ತರಿ

ಮೈಸೂರಿನ ನಮ್ಮ ಮನೆಯ ಕಿಟಕಿಯ ಬಳಿ ಮೀನು ಸಾಕುವ ಗಾಜಿನ ತೊಟ್ಟಿಯೊಂದುಂಟು. ಅದರಲ್ಲಿ ನೆಟ್ಟ ಹೈಡ್ರಿಲ್ಲವು ಕೆಲವೇ ವಾರಗಳಲ್ಲಿ ನೀರಿನ ಮೇಲ್ಮೈಯನ್ನು ಮುಟ್ಟಿತು. ಮೂಲೆಯ ವ್ಯಾಲಿಸ್ನೇರಿಯ ಸೊರಗಿತು. ಪೋಷಕಾಂಶದ ಕೊರತೆಯೆಂದು ಬಗೆದು ಗೊಬ್ಬರವನ್ನು ಹಾಕಿದೆನು. ಹೈಡ್ರಿಲ್ಲವು ಮತ್ತಷ್ಟು ಕೊಬ್ಬಿತು. ಗಾಜಿಗೆ ಪಾಚಿ ಹಿಡಿಯಿತು. ಉಂಡವನಿಗೇ ಮತ್ತೆ ಬಡಿಸಿದಂತಾಯಿತು.

ಭೌತವಿಜ್ಞಾನವನ್ನು ಬೋಧಿಸುವವನಿಗೆ ಕಾರಣವು ಮೊದಲೇ ಹೊಳೆಯಬೇಕಾಗಿತ್ತು. ಮೇಲೆ ಹರಡಿದ ಎಲೆಗಳು ಬೆಳಕನ್ನು ತಡೆಯುತ್ತವೆ. ಇಂಗಾಲದ ಡೈಆಕ್ಸೈಡಾದರೋ ನಿಂತ ನೀರಿನಲ್ಲಿ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ದಟ್ಟವಾದ ಪೊದೆಯನ್ನು ದಾಟಿ ಅದು ಮೂಲೆಯ ಗಿಡವನ್ನು ಸೇರುವುದು ಕಷ್ಟ. ಲೋಪವಿದ್ದುದು ಹಂಚಿಕೆಯಲ್ಲಿ. ಹೈಡ್ರಿಲ್ಲವನ್ನು ಅರ್ಧಕ್ಕೆ ಕತ್ತರಿಸಿದ ಮೇಲೆ ವ್ಯಾಲಿಸ್ನೇರಿಯ ಹೊಸ ಎಲೆ ಬಿಟ್ಟಿತು. ಆದುದರಿಂದ ಮೊದಲು ಕತ್ತರಿ, ಅನಂತರ ದೀಪ ಅಥವಾ ಗೊಬ್ಬರ ಎಂಬುದು ನನ್ನ ಅಭಿಪ್ರಾಯ. ಒಮ್ಮೆಗೆ ಒಂದನ್ನೇ ಬದಲಾಯಿಸಿ, ಎರಡು ವಾರ ಅಳೆದು ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದವನು ಫಲಕ್ಕೆ ಯಾವುದು ಕಾರಣವೆಂದು ಹೇಳಲಾರನು.

ವಿದ್ಯಾರ್ಥಿಮಿತ್ರರೇ, ಕತ್ತರಿಸಿದ ತುಂಡುಗಳನ್ನು ಕುಕ್ಕರಹಳ್ಳಿ ಕೆರೆಗೆ ಎಸೆಯಬೇಡಿರಿ. ಒಂದು ಗೆಣ್ಣಿನಿಂದಲೂ ಹೊಸ ಗಿಡ ಹುಟ್ಟಬಲ್ಲುದು. 1950ರ ದಶಕದಲ್ಲಿ ಅಲಂಕಾರದ ತೊಟ್ಟಿಗಳಿಗೆಂದು ಅಮೆರಿಕದ ಫ್ಲಾರಿಡಾಕ್ಕೆ ಹೋದ ಇದೇ ಹೈಡ್ರಿಲ್ಲವು ಅಲ್ಲಿನ ಅನೇಕ ಸರೋವರಗಳನ್ನು ಆವರಿಸಿತು. ತುಂಡುಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಹೂಕುಂಡದ ಮಣ್ಣಿಗೆ ಸೇರಿಸಿರಿ.