ಹೊಲದ ಕೆಲಸ ಬೇರೆ, ನಡಿಗೆ ಬೇರೆ

‘ದಿನಾ ಹೊಲದಾಗ ದುಡಿತೀವಿ, ನಮಗ ಮತ್ಯಾಕ್ರಿ ವ್ಯಾಯಾಮ?’ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಬಿಪಿ ಮಾತು ತೆಗೆದರೆ ನಮಗೆ ಮೊದಲು ಸಿಗುವ ಉತ್ತರ ಇದು. ಕಾಯಕಕ್ಕೆ ಹೆಸರಾದ ನೆಲದಲ್ಲಿ ಈ ಮಾತು ಕೇಳಲು ಚೆಂದ. ಆದರೆ ಅರ್ಧ ಮಾತ್ರ ನಿಜ.

ಈಗಿನ ದುಡಿಮೆ ನೋಡಿ. ಉಳುಮೆಗೆ ಟ್ರ್ಯಾಕ್ಟರ್, ಸೋಯಾ ರಾಶಿಗೆ ಮಷಿನ್, ಹೊಲಕ್ಕೆ ಹೋಗಲು ಬೈಕ್. ಸುಗ್ಗಿಯಲ್ಲಿ ಮೈ ಮುರಿಯುವಷ್ಟು ಕೆಲಸ, ಆಮೇಲೆ ವಾರಗಟ್ಟಲೆ ಕಟ್ಟೆ ಮೇಲೆ ಹರಟೆ. (ಬೈಕ್ ಮೇಲೆಯೇ ಸುದ್ದಿ ಹುಡುಕುವ ನಾವೂ ಬೇರೆಯಲ್ಲ.) ಮೂಟೆ ಎತ್ತುವಾಗ ಉಸಿರು ಬಿಗಿ ಹಿಡಿಯುತ್ತೇವೆ, ಆ ಕ್ಷಣಕ್ಕೆ ಬಿಪಿ ಏರುತ್ತದೆ. ಬಿರುಸಿನ ನಡಿಗೆ ಹಾಗಲ್ಲ. ವಾರಗಟ್ಟಲೆ ಬಿಡದೆ ನಡೆದರೆ ರಕ್ತನಾಳಗಳು ಸಡಿಲಾಗಿ ಹೃದಯದ ಹೊರೆ ಹಗುರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ತಾಸಿನಂತೆ ಐದು ದಿನ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು.

ಇನ್ನೊಂದಿದೆ. ಶಾಲೆಯಲ್ಲಿ ಮಾಸ್ತರರು ಗೋಡೆಗೆ ಬೆನ್ನು ಹಚ್ಚಿಸಿ ‘ಖುರ್ಚಿ’ ಕೂರಿಸುತ್ತಿದ್ದ ಶಿಕ್ಷೆ ನೆನಪಿದೆಯೇ? ಅದೇ ಈಗ ಔಷಧಿಯ ಮಾತಾಗಿದೆ. 2023ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ 270 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವರದಿ ಪ್ರಕಟಿಸಿತು. ನಡಿಗೆ, ಓಟದಂಥ ವ್ಯಾಯಾಮದಿಂದ ಮೇಲಿನ ಬಿಪಿ ಸರಾಸರಿ 4.5ರಷ್ಟು ಇಳಿದರೆ, ಖುರ್ಚಿಯಂತೆ ಅಲುಗದೆ ಬಿಗಿಹಿಡಿಯುವ ವ್ಯಾಯಾಮದಿಂದ 8ರಷ್ಟು ಇಳಿದಿತ್ತು. ಎರಡು ನಿಮಿಷ ಕೂರುವುದು, ಎರಡು ನಿಮಿಷ ದಣಿವಾರಿಸಿಕೊಳ್ಳುವುದು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಮೊದಮೊದಲು ಅರ್ಧ ನಿಮಿಷ ಕೂತರೂ ಸಾಕು. ಉಸಿರು ಮಾತ್ರ ಹಿಡಿಯಬಾರದು. ಮೊಣಕಾಲು ನೋವಿದ್ದವರು ಇದರ ಗೋಜಿಗೆ ಹೋಗಬೇಡಿ. ಬಿಪಿ ತೀರಾ ಹೆಚ್ಚಿದ್ದವರು, ಎದೆನೋವು ಬಂದವರು ಮೊದಲು ಡಾಕ್ಟರನ್ನು ಕೇಳಿ.

ನಮಗೆ ಹೆದರಿಕೆ ಹುಟ್ಟಿಸುವುದು ಇನ್ನೊಂದು ಮಾತು: ‘ನಡ್ಯಾಲತ್ತೀನಿ, ಗುಳಿಗಿ ಬಿಟ್ಟೀನಿ.’ ಲೆಕ್ಕ ಹಾಕಿ. ಬಿಪಿ 160 ಇದ್ದವರಿಗೆ ವ್ಯಾಯಾಮದಿಂದ 8 ಇಳಿದರೂ 152. 140 ದಾಟಿದ್ದೇ ಹೆಚ್ಚು. ತಲೆ ತಿರುಗುವುದಿಲ್ಲ, ಏನೂ ಅನಿಸುವುದಿಲ್ಲ, ಒಂದು ದಿನ ನೇರ ಲಕ್ವಾ ಹೊಡೆಯುತ್ತದೆ. ಗುಳಿಗೆ ಕಡಿಮೆ ಮಾಡುವುದು ಡಾಕ್ಟರ ಕೆಲಸ. ಬಿಪಿ ಅಳತೆ, ಗುಳಿಗೆ ಎರಡೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಣ್ಣುಮಕ್ಕಳು ನಡೆಯುವುದೆಲ್ಲಿ? ಹುಮನಾಬಾದ್ ಮೇಲೆ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿಗಳ ಓಟ. ಹೊಲದ ಬದುವಿನಲ್ಲಿ ಕತ್ತಲಾದರೆ ಹಾವಿನ ಭಯ. ಊರೊಳಗೆ ಸುಮ್ಮನೆ ತಿರುಗಿದರೆ ‘ಇಕಿಗೇನ್ ಕೆಲಸಿಲ್ಲೇನು’ ಅನ್ನುವ ಬಾಯಿಗಳು. ಖುರ್ಚಿಯನ್ನು ಅಡುಗೆಮನೆ ಗೋಡೆಗೇ ಕೂರಬಹುದು, ನಿಜ. ಆದರೆ ಅಲ್ಲಿಗೇ ಸಾಕೆಂದು ಅವರನ್ನು ಮತ್ತೆ ಅಡುಗೆಮನೆಗೆ ಕಳಿಸುವುದು ನಮಗೆ ಒಪ್ಪಿಗೆಯಿಲ್ಲ. ಶಾಲೆಯ ಮೈದಾನ ಇದ್ದೇ ಇದೆ, ಸಂಜೆ ಬೀಗ ಬೀಳುತ್ತದೆ. ಮುಂದಿನ ಗ್ರಾಮ ಸಭೆಯಲ್ಲಿ ಚರಂಡಿ, ರಸ್ತೆ ಜೊತೆ ಇದನ್ನೂ ಕೇಳಿ: ಶಾಲೆ ಬಿಟ್ಟ ಮೇಲೆ ಎರಡು ತಾಸು ಗೇಟು ತೆರೆದಿರಲಿ, ಒಂದು ದೀಪ ಇರಲಿ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.